ಚಿಗುರಿದ ಗೂಟ

ಜನವರಿ ೧೯

ಗುಬ್ಬೀ,

ನಿನ್ನ ಕಾಗದ ಬಂತು. ಹೆಚ್ಚುಕಡಿಮೆ ಒಂದು ವರ್ಷದ ಮೇಲೆ ಬರೆದಿದ್ದೀಯ. ಅದರಲ್ಲಿ ನಾನು ಹೇಗಿದ್ದೇನೆಂದು ಒಂದು ಸಾಲು, ನಿನ್ನ ದೊಡ್ಡಪ್ಪನ ಮಂಡಿನೋವಿಗೆ ಒಂದು ಸಾಲು, ಉಳಿದದ್ದೆಲ್ಲ ಕೆರೆಯ ಏರಿಯ ಬಗ್ಗೆ. ನೇರ ಏರಿಗೇ ವಿಳಾಸ ಬರೆದು ಹಾಕಿದ್ದರೆ ಆಗುತ್ತಿತ್ತು. ಅದು ಎಲ್ಲಿಗೂ ಹೋಗುವುದಿಲ್ಲ, ಅಂಚೆಯವನಿಗೆ ಹುಡುಕುವ ಕಷ್ಟವಿರಲಿಲ್ಲ.

ಫೋನು ಮಾಡಿದರೆ ಎತ್ತುವುದಿಲ್ಲವೆಂದು ದೂರಿದ್ದೀಯ. ಎತ್ತುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ ಏನು ಮಾತಾಡಿದರೂ ಕೊನೆಗೆ ಜಗಳಕ್ಕೇ ಬಂದು ನಿಲ್ಲುತ್ತದೆ. ಕಾಗದವಾದರೆ ಬೈಯುವಷ್ಟನ್ನೂ ಬೈದು ಮುಗಿಸಬಹುದು, ನೀನು ನಡುವೆ ಬಾಯಿ ಹಾಕುವಂತಿಲ್ಲ.

ಹೋದ ಸಲ ನೀನು ಬಂದಾಗ ಆದದ್ದನ್ನು ನಾನು ಮರೆತಿಲ್ಲ. ಏರಿಯ ಬುಡದಲ್ಲಿ, ಮೇಲಿರುವ ಗೂಟದ ಮರದ ನೇರಕ್ಕೆ, ನಾನು ಕೈಯಾರೆ ಕಲ್ಲು ಕೂಡಿಸಿ ಕಟ್ಟಿದ ಒರತೆ. ಬೇಕರಿಯವಳು ಕ್ಯಾನು ತುಂಬಿಸುತ್ತಿದ್ದಳು, ಅವಳ ಹಿಂದೆ ಸಾಲು ನಿಂತಿತ್ತು. ನೀನು ಬೂಟು ಹಾಕಿಕೊಂಡು ಬಂದು, ಬಗ್ಗಿ ನೋಡಿ, ಅಷ್ಟೂ ಜನರ ಮುಂದೆ ಹೇಳಿದೆ: "ದೊಡ್ಡಮ್ಮಾ, ಇದು ಒರತೆ ಅಲ್ಲ. ಏರಿ ಸೋರ್ತಾ ಇದೆ." ಬೇಕರಿಯವಳು ಕ್ಯಾನು ಕೆಳಗಿಟ್ಟು, "ಅಯ್ಯೋ, ಹಂಗಾದ್ರೆ ಇಷ್ಟು ವರ್ಷ ನಾನು ಸೋರಿದ ನೀರಲ್ಲಿ ಹಿಟ್ಟು ಕಲಸಿದ್ನಾ?" ಎಂದಳು. ಎಲ್ಲರೂ ನಕ್ಕರು. ನೀನೂ ನಕ್ಕೆ.

ನಿನ್ನ ಅಮ್ಮ ತೀರಿಹೋದ ಮೇಲೆ ನಿನ್ನನ್ನು ದೋಣಿಯ ಹಲಗೆಯ ಮೇಲೆ ಮಲಗಿಸಿ ಟಿಕೆಟ್ ಹರಿದವಳು ನಾನು. ಹುಟ್ಟು ಹಾಕುವುದನ್ನು ಕಲಿಸಿದವಳು ನಾನು. ಓದಿಸಿದವಳೂ ನಾನೇ. ಓದಿ ಏರಿ ಪರೀಕ್ಷೆ ಮಾಡುವ ಕೆಲಸಕ್ಕೇ ಸೇರಿದೆ, ಸರಿ. ಪರೀಕ್ಷೆಯನ್ನು ಮನೆಯಿಂದಲೇ ಶುರುಮಾಡಬೇಕಿತ್ತೇ?

ಈ ಕೆರೆ ಯಾರ ಹೊಲಕ್ಕೂ ನೀರು ಕೊಡುವುದಿಲ್ಲ, ಯಾರ ಮನೆಯ ದೀಪವನ್ನೂ ಉರಿಸುವುದಿಲ್ಲ. ದಿನವೆಲ್ಲ ದುಡಿದ ಜನ ಒಂದು ಗಳಿಗೆ ದೋಣಿಯಲ್ಲಿ ಕೂತು ನಗಲಿ ಎಂದೇ ಯಾರೋ ಪುಣ್ಯಾತ್ಮರು ಹಳ್ಳಕ್ಕೆ ಅಡ್ಡ ಮಣ್ಣು ಹಾಕಿ ಕಟ್ಟಿದ್ದು. ಇಂಥ ಬಡಪಾಯಿ ಏರಿಯ ಮೇಲೆ ನಿನಗೇನು ಹಗೆ?

ಈಗ ನೀನು ಕೇಳಿರುವುದಿಷ್ಟು: ದಿನಾ ಬೆಳಿಗ್ಗೆ ಒರತೆಯ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಕಿಟಕಿಯಲ್ಲಿಡಬೇಕು, ಮಾರನೆಯ ದಿನ ತಳದಲ್ಲಿ ಏನಾದರೂ ಕೂತಿದೆಯೇ ನೋಡಬೇಕು. ಇಡುತ್ತೇನೆ. ನಿನ್ನ ಮಾತಿಗೆ ಬೆಲೆ ಕೊಟ್ಟು ಅಲ್ಲ, ನಿನ್ನ ಮಾತು ಸುಳ್ಳೆಂದು ತೋರಿಸಲು.

ನಿನಗೊಂದು ಸ್ವೆಟರ್ ಹೆಣೆದಿದ್ದೇನೆ. ಕಳಿಸುವುದಿಲ್ಲ. ಬೇಕಿದ್ದರೆ ಬಂದು ತೆಗೆದುಕೊ.

ಇನ್ನೂ ಸಿಟ್ಟು ಇಳಿಯದ
ನಿನ್ನ ದೊಡ್ಡಮ್ಮ


ಫೆಬ್ರವರಿ ೨

ದೊಡ್ಡಮ್ಮಾ,

ಬೈದದ್ದೆಲ್ಲ ಕ್ಷೇಮವಾಗಿ ಬಂದು ಮುಟ್ಟಿತು.

ಜನರ ಮುಂದೆ ಹಾಗೆ ಹೇಳಬಾರದಿತ್ತು. ಹೇಳಿದ್ದು ಸುಳ್ಳಲ್ಲ, ಆದರೆ ನಿನ್ನನ್ನು ಪಕ್ಕಕ್ಕೆ ಕರೆದು ಹೇಳಬೇಕಿತ್ತು.

ಮಣ್ಣಿನ ಏರಿ ಎಂದರೆ ಸ್ವಲ್ಪ ಬೆವರುತ್ತದೆ, ಅದರಲ್ಲಿ ಹೆದರುವಂಥದ್ದೇನಿಲ್ಲ. ಬೆವರು ತಿಳಿಯಾಗಿದ್ದರೆ ಅದು ಆರೋಗ್ಯವಾಗಿದೆ. ಬೆವರಿನ ಜೊತೆ ಮೈಯೂ ಕರಗಿ ಬರಲು ಶುರುವಾದರೆ ಮಾತ್ರ ಕಷ್ಟ. ಹೊರಗಿನಿಂದ ಒಂದು ಹುಲ್ಲುಕಡ್ಡಿಯೂ ಅಲುಗಿರುವುದಿಲ್ಲ, ಒಳಗೆ ಇಲಿಬಿಲದಷ್ಟು ದಾರಿಯಾಗಿರುತ್ತದೆ. ಆಮೇಲೆ ಆ ದಾರಿ ಯಾರನ್ನೂ ಕೇಳುವುದಿಲ್ಲ. ಕೆಳಗೆ ಬೇಕರಿ ಇದೆ, ಶಿಶುವಿಹಾರ ಇದೆ, ಅದರಾಚೆ ಮನೆಗಳಿವೆ. ಆ ಶಿಶುವಿಹಾರದಲ್ಲೇ ಅಲ್ಲವೇ ನೀನು ನನ್ನನ್ನು ದಿನಾ ಅಳಿಸಿ ಬಿಟ್ಟು ಬರುತ್ತಿದ್ದದ್ದು.

ಬಾಟಲಿಯ ತಳದಲ್ಲಿ ಮಣ್ಣು ಕಂಡರೆ ಕಾಗದ ಬರೆಯುತ್ತ ಕೂರಬೇಡ. ಫೋನ್ ಮಾಡು. ಮತ್ತೆ ಯಾವ ಕಾರಣಕ್ಕೂ ಒರತೆಯನ್ನು ಮುಚ್ಚಲು ಹೋಗಬೇಡ.

ಮರದ ಬಗ್ಗೆ ಬರೆದ ಸಾಲನ್ನು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಬೇಡ.

ನಿನ್ನ
ಗುಬ್ಬಿ


ಫೆಬ್ರವರಿ ೨೦

ಗುಬ್ಬೀ,

ಬೆಳಕಿಗೆ ಹಿಡಿದೆ. ಓದಿದೆ. 'ಏರಿಯ ಮೇಲೆ ಮರ ಇರಬಾರದು' ಎಂದು ಬರೆದು ಹೊಡೆದಿದ್ದೀಯ. ಹೊಡೆದದ್ದು ಒಳ್ಳೆಯದಾಯಿತು. ಆ ಮರದ ತಂಟೆಗೆ ಬಂದರೆ ನೀನು ಯಾರ ಮಗಳೆಂದೂ ನೋಡುವುದಿಲ್ಲ.

ಆ ಮರ ಹೇಗಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ಆಗ ದೋಣಿ ಕಟ್ಟುವುದಕ್ಕೆ ಏರಿಯ ಒಳಮಗ್ಗುಲಲ್ಲೇ ಗೂಟ ಹೊಡೆಯುತ್ತಿದ್ದೆವು. ಒಣಗಿದ ಗಟ್ಟಿ ಗೂಟ ತಂದು ಹೊಡೆಯುವುದು ರೂಢಿ. ನಿನ್ನ ಅಮ್ಮ ಮೈಗಳ್ಳಿ. ದಾರಿಯಲ್ಲಿ ಸಿಕ್ಕಿದ ಹಸಿಕೊಂಬೆಯೊಂದನ್ನು ಮುರಿದು ತಂದು, ಅದೂ ತಲೆಕೆಳಗಾಗಿ, ಕಲ್ಲಿನಿಂದ ಜಜ್ಜಿ ಇಳಿಸಿದಳು. "ಇವತ್ತೊಂದಿನ ತಡೆದ್ರೆ ಸಾಕು ಅಕ್ಕಾ, ನಾಳೆ ಬೇರೆ ಹೊಡಿತೀನಿ" ಎಂದಳು. ಅವಳ ನಾಳೆ ಎಂದಾದರೂ ಬಂದದ್ದುಂಟೇ? ಮಳೆ ಬಿದ್ದು ನಿಂತ ಮೇಲೆ ನೋಡಿದರೆ ಗೂಟ ಕಣ್ಣುಬಿಟ್ಟಿತ್ತು. ಎರಡು ಚಿಗುರು, ಇಲಿಯ ಕಿವಿಯಷ್ಟು. ಕೀಳಲು ಹೋದೆ. ಅವಳು ನನ್ನ ಕೈ ಹಿಡಿದುಕೊಂಡಳು. "ತಲೆಕೆಳಗಾಗಿ ನೆಟ್ರೂ ಯಾವ ಕಡೆ ಆಕಾಶ ಅಂತ ಅದಕ್ಕೆ ಗೊತ್ತಾಗಿದೆಯಲ್ಲಕ್ಕಾ" ಎಂದಳು. ಈಗ ಅದರ ನೆರಳಲ್ಲಿ ಅರ್ಧ ಊರು ಕೂರುತ್ತದೆ.

ಒರತೆ ಯಾವಾಗ ಬಂತೆಂದು ನಿನಗೂ ಗೊತ್ತು. ಅವಳ ಬಟ್ಟೆಗಳನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕಿದ ವಾರ. ಅಷ್ಟು ಸಾಕು.

ನಿನ್ನ ಬಾಟಲಿಯ ವಿಷಯ. ಜಾಮಿನ ಬಾಟಲಿ ಉಜ್ಜಿ ತೊಳೆದು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೇನೆ. ದಿನಾ ನೀರು ಬದಲಿಸುತ್ತೇನೆ. ತಳದಲ್ಲಿ ಏನೂ ಇಲ್ಲ. ಒಂದು ಚೂರೂ ಇಲ್ಲ. ಆದರೆ ಒಂದು ಸಂಗತಿ ಹೇಳಬೇಕು. ಬಿಸಿಲು ಏರಿದಾಗ ಆ ಬಾಟಲಿಯೊಳಗೆ ನಮ್ಮ ಕೆರೆ ತಲೆಕೆಳಗಾಗಿ ಕಾಣುತ್ತದೆ. ಮೇಲೆ ನೀರು, ಕೆಳಗೆ ಆಕಾಶ, ನಡುವೆ ಏರಿ ಒಂದು ದಾರದ ಹಾಗೆ. ಇಷ್ಟು ವರ್ಷ ಆ ಏರಿಯ ಮೇಲೆ ಓಡಾಡಿದ್ದೇನೆ, ಅದು ಅಷ್ಟು ತೆಳುವೆಂದು ನನಗೆ ಅನಿಸಿರಲಿಲ್ಲ. ಕಲ್ಲಲ್ಲ, ಕಬ್ಬಿಣವಲ್ಲ. ಬರೀ ಮಣ್ಣು. ಇರುವೆ ಹೊತ್ತುಕೊಂಡು ಹೋಗುವಂಥ ಮಣ್ಣು. ಅದರ ಬೆನ್ನಿಗೆ ಅಷ್ಟು ನೀರು ಒರಗಿಕೊಂಡು ಕೂತಿದೆ, ಅದು ಹಗಲೂ ರಾತ್ರಿ ಒಂದೇ ಮಗ್ಗುಲಲ್ಲಿ ತಡೆದು ಮಲಗಿದೆ. ಒಂದು ದಿನ ಮೈಮುರಿದಿಲ್ಲ. ಬಾಟಲಿಯ ಮುಂದೆ ನಿಂತು ನೋಡುತ್ತ ನೋಡುತ್ತ ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು.

ನಿನ್ನ ದೊಡ್ಡಪ್ಪ ಬಾತುಕೋಳಿ ದೋಣಿಗಳ ಕೊಕ್ಕಿಗೆ ಹಳದಿ ಬಳಿಯುತ್ತಿದ್ದಾರೆ. ಏಪ್ರಿಲ್ ಮೊದಲ ಭಾನುವಾರ ದೋಣಿ ಓಟ. ಊರಿಗೆ ಊರೇ ಏರಿಯ ಮೇಲೆ ನಿಲ್ಲುತ್ತದೆ.

ತಿಳಿನೀರಿನವಳು,
ನಿನ್ನ ದೊಡ್ಡಮ್ಮ


ಮಾರ್ಚ್ ೨೩

ದೊಡ್ಡಮ್ಮಾ,

ಒಂದು ತಿಂಗಳಾಯಿತು, ನಿನ್ನ ಕಾಗದವಿಲ್ಲ. ಫೋನ್ ಎತ್ತುತ್ತಿಲ್ಲ. ದೊಡ್ಡಪ್ಪ ಎತ್ತಿದರು, "ಎಲ್ಲ ಚೆನ್ನಾಗಿದೆ, ನಿನ್ನ ದೊಡ್ಡಮ್ಮ ಬಟ್ಟೆ ಒಗೀತಿದಾಳೆ" ಎಂದರು. ಮಧ್ಯಾಹ್ನ ಮಾಡಿದರೂ ಒಗೆಯುತ್ತಿದ್ದೀಯ, ಸಂಜೆ ಮಾಡಿದರೂ ಒಗೆಯುತ್ತಿದ್ದೀಯ.

ನೀರು ತಿಳಿಯಾಗಿದ್ದರೆ ನೀನು ಸುಮ್ಮನಿರುವವಳಲ್ಲ. ವಾರಕ್ಕೊಂದು ಕಾಗದ ಬರೆದು ನನ್ನನ್ನು ಹಂಗಿಸುತ್ತಿದ್ದೆ.

ಬಾಟಲಿಯಲ್ಲಿ ಏನಿದೆ, ದೊಡ್ಡಮ್ಮ?

ಗುಬ್ಬಿ


ಏಪ್ರಿಲ್ ೬

ಗುಬ್ಬೀ,

ಫೋನಿನಲ್ಲಿ ಆಗಲೇ ಅರ್ಧ ಕೇಳಿದ್ದೀಯ. ಅವತ್ತು ನಾನು ಕಿರುಚುತ್ತಿದ್ದೆ, ನೀನು 'ನಿಧಾನ, ನಿಧಾನ' ಎನ್ನುತ್ತಿದ್ದೆ, ಬೇಕರಿಯವಳು ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗುತ್ತಿದ್ದಳು. ಈಗ ಕೂತು ಸರಿಯಾಗಿ ಬರೆಯುತ್ತೇನೆ.

ತಳದಲ್ಲಿ ಮಣ್ಣು ಕಂಡ ಮೊದಲ ದಿನ ಬಾಟಲಿ ಸರಿಯಾಗಿ ತೊಳೆದಿಲ್ಲವೆಂದುಕೊಂಡೆ. ಮರುದಿನ ನಿನ್ನ ದೊಡ್ಡಪ್ಪ ಬಣ್ಣದ ಕುಂಚ ಅದ್ದಿದ್ದಾರೆಂದು ಅವರ ಮೇಲೆ ಹಾರಾಡಿದೆ. ಪಾಪ, ಅವರು ಕುಂಚ ತಂದು ತೋರಿಸಿದರು, ಹಳದಿ. ಬಾಟಲಿಯ ತಳದಲ್ಲಿದ್ದದ್ದು ಕೆಂಪು. ಕಣ್ಣಿಗೆ ಹಚ್ಚುವ ಕಾಡಿಗೆಯ ಗೆರೆಯಷ್ಟು ತೆಳು. ಕೆರೆಯ ಕೆಸರು ಕಪ್ಪು, ಅದು ನನಗೆ ಗೊತ್ತು, ದಿನಾ ಕಾಲಿಗೆ ಮೆತ್ತುತ್ತದೆ. ಈ ಕೆಂಪು ಏರಿಯ ಹೊಟ್ಟೆಯೊಳಗಿನದು. ಗೊತ್ತಾಯಿತು. ಗೊತ್ತಾದ ಮೇಲೂ ಬಾಟಲಿಯನ್ನು ತೆಗೆದು ಕಪಾಟಿನಲ್ಲಿಟ್ಟೆ. ಓಟವೊಂದು ಮುಗಿದುಹೋಗಲಿ ಎಂದುಕೊಂಡೆ. ಅಷ್ಟೇ ಅಂದುಕೊಂಡಿದ್ದೆನೆಂದು ಹೇಳಿದರೆ ನೀನು ನಂಬುವುದಿಲ್ಲ, ನಂಬಬೇಡ.

ನಿನ್ನ ಕಾಗದ ಬಂದಾಗ ಬೇಕರಿಯಲ್ಲಿದ್ದೆ. ಕಡೆಯ ಸಾಲನ್ನು ಓದಿ ಮಡಿಚುವಾಗ ಬೇಕರಿಯವಳು ತಾನಾಗಿಯೇ ಶುರುಮಾಡಿದಳು. "ಅಕ್ಕಾ, ಎರಡು ದಿನದಿಂದ ಬ್ರೆಡ್ಡು ಹಲ್ಲಿಗೆ ಕರಕರ ಅನ್ನತ್ತೆ ಅಂತ ಎಲ್ರೂ ವಾಪಸ್ ತಂದು ಕೊಡ್ತಿದಾರೆ. ಹಿಟ್ಟು ಮೂರು ಸಲ ಜರಡಿ ಹಿಡ್ದೆ. ನನ್ನ ತಲೆ ಕೆಟ್ಟುಹೋಗಿದೆ."

ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಹಲ್ಲಿನ ನಡುವೆ ಏರಿ ಕರಕರ ಎಂದಿತು, ಗುಬ್ಬಿ. ಪಕ್ಕದ ಗೋಡೆಯಾಚೆ ಶಿಶುವಿಹಾರದಲ್ಲಿ ಮಕ್ಕಳು ಏನನ್ನೋ ಒಟ್ಟಿಗೆ ಕೂಗಿ ಹೇಳುತ್ತಿದ್ದವು. ನಿನಗೆ ಫೋನು ಮಾಡಿದ್ದು ಅಲ್ಲಿಂದಲೇ. ನೀನು ಮಕ್ಕಳನ್ನೂ ಕೆಳಗಿನ ಮನೆಯವರನ್ನೂ ಮೊದಲು ಕಳಿಸು ಎಂದೆ. ಬೇಕರಿಯವಳು ಹೋಗಿ, ಒಂದು ಮಾತೂ ವಿವರಿಸದೆ, "ಎಲ್ರೂ ದಿಬ್ಬದ ಮೇಲೆ ಬನ್ನಿ, ಬಿಸ್ಕತ್ತು ಕೊಡ್ತೀನಿ" ಎಂದು ಸಾಲು ಹೊರಡಿಸಿಕೊಂಡು ಹೋದಳು. ಮಕ್ಕಳ ಹಿಂದೆ ಮನೆಗಳ ದೊಡ್ಡವರೂ ಹೊರಟರು. ಅವಳ ಬಿಸ್ಕತ್ತಿಗೆ ಅಷ್ಟು ಹೆಸರಿದೆ.

ನಾನು ಮನೆಗೆ ಓಡಿ ಕಪಾಟಿನಿಂದ ಬಾಟಲಿ ತೆಗೆದುಕೊಂಡು, ಕೆರೆಯ ಉದ್ಯಾನದ ಮೇಲ್ವಿಚಾರಕರ ಕೋಣೆಗೆ ನುಗ್ಗಿದೆ. ತೂಬಿನ ಬೀಗದ ಕೈ ಅವರ ಹತ್ತಿರವೇ ಇರುವುದು. ಓಟದ ಬಾವುಟಗಳನ್ನು ದಾರಕ್ಕೆ ಪೋಣಿಸುತ್ತ ಕೂತಿದ್ದರು.

"ಅಮ್ಮಾ, ಕೆರೆ ನೀರಲ್ಲಿ ಮಣ್ಣಿರದೆ ಚಿನ್ನ ಇರತ್ತಾ? ಭಾನುವಾರ ಕಳೀಲಿ, ಮೇಲಿನೋರಿಗೆ ಬರೆಯೋಣ" ಎಂದರು.

ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟು, ಕುಲುಕಿ, ಲೋಟಕ್ಕೆ ಬಗ್ಗಿಸಿದೆ. "ಕುಡೀರಿ" ಎಂದೆ.

"ಏನಮ್ಮಾ ಇದು?"

"ದಿನಾ ನಮ್ಮ ಒರತೆ ನೀರು ಅಂತ ಹೊಗಳ್ತಾ ಕುಡೀತಿದ್ರಲ್ಲ. ಇದನ್ನೂ ಕುಡೀರಿ. ಕುಡಿದ್ರೆ ನಾನು ಬಾಯಿ ಮುಚ್ಕೊಂಡು ಬಾವುಟ ಪೋಣಿಸ್ತೀನಿ."

ಲೋಟವನ್ನು ಕಿಟಕಿಯ ಕಡೆ ಎತ್ತಿ ನೋಡಿದರು. ಒಳ್ಳೆಯ ಮನುಷ್ಯ, ಹೇಳಬೇಕಾದ್ದೇ. ಲೋಟ ಕೆಳಗಿಟ್ಟು ಮೊದಲು ಬೀಗದ ಕೈ ಕೊಟ್ಟರು, ಆಮೇಲೆ ಕೋಟು ಹಾಕಿಕೊಂಡರು.

ಅಷ್ಟರಲ್ಲಿ ನಿನ್ನ ದೊಡ್ಡಪ್ಪ ಅವಸರಕ್ಕೆ ಬಿದ್ದು, ದೋಣಿಯ ಬಿರುಕಿಗೆ ತುಂಬುವ ಡಾಂಬರು, ಗೋಣಿ ಎಲ್ಲ ಹೊತ್ತು ತಂದು ಒರತೆಯ ಬಾಯಿಗೆ ತುರುಕಲು ನಿಂತಿದ್ದರು. ದೋಣಿಯವರಿಗೆ ತೂತು ಕಂಡರೆ ಮುಚ್ಚುವುದೊಂದೇ ವಿದ್ಯೆ. ಎತ್ತು ಏರಿಗೆ, ಕೋಣ ನೀರಿಗೆ. ನಿನ್ನ ಮಾತು ನೆನಪಾಗಿ ಓಡಿಹೋಗಿ ಕೈ ಹಿಡಿದೆ. ನೀನು ಫೋನಿನಲ್ಲಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಮುಚ್ಚಿದ್ರೆ ಅದು ಇನ್ನೊಂದು ಕಡೆ ಒಡಕೊಂಡು ಬರತ್ತೆ ದೊಡ್ಡಮ್ಮ. ಮರಳು ಹಾಕಿ, ಮೇಲೆ ಜಲ್ಲಿ ಹಾಕಿ. ನೀರು ಹೋಗ್ಲಿ. ಮಣ್ಣು ನಿಲ್ಲಲಿ."

ಮರಳು ಎಲ್ಲಿಂದ ತರುವುದು? ದಡದಲ್ಲಿ ಮಕ್ಕಳು ಆಡುವ ಮರಳಿನ ಅಂಗಳವಿದೆಯಲ್ಲ, ಅದನ್ನೇ ಬಾಚಿದೆವು. ಜಲ್ಲಿಯನ್ನು ಕಾಲುದಾರಿಯಿಂದ ಕೆದಕಿದೆವು. ಸಣ್ಣದು ದೊಡ್ಡದು ಬೇರೆ ಮಾಡಬೇಕೆಂದೆಯಲ್ಲ, ಬೇಕರಿಯವಳು ಮಕ್ಕಳನ್ನು ದಿಬ್ಬದ ಮೇಲೆ ಕೂರಿಸಿ ವಾಪಸು ಬಂದವಳು, ತನ್ನ ಹಿಟ್ಟಿನ ಜರಡಿಯನ್ನೇ ತಂದು ಜಲ್ಲಿ ಜರಡಿ ಹಿಡಿದಳು. "ಇನ್ನು ಈ ಜರಡೀಲಿ ಹಿಟ್ಟು ಹಿಡಿದ್ರೆ ನನ್ನ ಗಿರಾಕಿಗಳ ಹಲ್ಲಿಗೆ ನೀನೇ ಜವಾಬ್ದಾರಿ" ಎಂದಳು. ಮೇಲ್ವಿಚಾರಕರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಕೆಸರಿಗೆ ಮಂಡಿಯೂರಿ ಮರಳು ಸುರಿದರು. ಕೆಂಪು ನೀರು ಮರಳಿನೊಳಗೆ ಹೋಗಿ, ನಮ್ಮ ಕಣ್ಣೆದುರಿಗೇ, ಮೆಲ್ಲಮೆಲ್ಲಗೆ ತಿಳಿಯಾಗಿ ಹೊರಗೆ ಬರತೊಡಗಿತು.  

ಆಮೇಲೆ ತೂಬು. ತುಕ್ಕು ಹಿಡಿದ ಚಕ್ರ. ನಿನ್ನ ದೊಡ್ಡಪ್ಪ, ಮೇಲ್ವಿಚಾರಕರು, ನಾನು, ಮೂವರೂ ದೋಣಿಯ ಹುಟ್ಟನ್ನು ಅಡ್ಡ ಹಾಕಿ ನೂಕಿದೆವು. ಒಂದೇ ಸಲ ಎತ್ತಬೇಡಿ, ಒರಗಿಕೊಂಡವನ ಬೆನ್ನಿಂದ ದಿಂಬು ಎಳೆದ ಹಾಗಾಗುತ್ತದೆ, ಒಳಮಗ್ಗುಲು ಜಾರುತ್ತದೆ ಎಂದು ನೀನು ಹೇಳಿದ್ದೆ. ಗೇಣಿನಷ್ಟು ಎತ್ತಿದೆವು. ಮೊದಲು ಏನೂ ಇಲ್ಲ. ಆಮೇಲೆ ಎಲ್ಲೋ ಕೆಳಗಿನಿಂದ ಒಂದು ಸದ್ದು ಬಂತು. ಕಿವಿಗೆ ಬರಲಿಲ್ಲ, ಅಂಗಾಲಿಗೆ ಬಂತು. ಏರಿಗೆ ಏರಿಯೇ ಗುನುಗಿದ ಹಾಗೆ. ತಳದ ನೀರು ಹೊರಗೆ ಬಿತ್ತು, ಕಪ್ಪಗೆ, ಕೈಯಿಟ್ಟರೆ ಮರಗಟ್ಟುವಷ್ಟು ತಣ್ಣಗೆ. ಆ ನೀರು ಎಷ್ಟು ವರ್ಷದಿಂದ ಬಿಸಿಲು ಕಂಡಿಲ್ಲವೋ. ಸಿಟ್ಟೆನ್ನುವುದು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ನೀವೆಲ್ಲ ಹೇಳುತ್ತೀರಿ. ಅವತ್ತು ಅದರ ಎದುರು ನಿಂತಾಗ ನನ್ನ ಸಿಟ್ಟು ಸೊಳ್ಳೆಯಷ್ಟೂ ಇರಲಿಲ್ಲ.

ಓಟ ನಡೆಯಲಿಲ್ಲ. ಕೆಳಗಿನ ಜನ ನೆಂಟರ ಮನೆಗಳಲ್ಲಿದ್ದಾರೆ, ನೀರು ಅರ್ಧಕ್ಕಿಳಿದ ಮೇಲೆ ಬರುತ್ತಾರೆ. ಯಾರಿಗೂ ಏನೂ ಆಗಿಲ್ಲ.

ನೀನು ಫೋನಿನಲ್ಲಿ ಅತ್ತೆ. ನನಗೆ ಕೇಳಿಸಿತು.

ದೊಡ್ಡಮ್ಮ


ಮೇ ೧೧

ಗುಬ್ಬೀ,

ಕೆರೆ ಬರಿದಾಗಿದೆ. ಬಾತುಕೋಳಿ ದೋಣಿಗಳು ಕೆಸರಿನ ಮೇಲೆ ಮೊಟ್ಟೆಗೆ ಕೂತ ಹಾಗೆ ಕೂತಿವೆ. ಮೀನುಗಳನ್ನು ಬುಟ್ಟಿಬುಟ್ಟಿಯಾಗಿ ಕೆಳಗಿನ ಹೊಳೆಗೆ ಸಾಗಿಸಿದೆವು.

ಇಷ್ಟು ವರ್ಷ ನೀರಿನ ಮೇಲ್ಮೈ ನೋಡಿ ಹೊಟ್ಟೆ ಹೊರೆದುಕೊಂಡವಳಿಗೆ ತಳ ನೋಡಲು ಭಯವಾಗಿತ್ತು. ಮುರಿದ ಹುಟ್ಟು, ಒಂಟಿ ಚಪ್ಪಲಿ, ಕನ್ನಡಕ, ಯಾರದೋ ಹಲ್ಲುಸೆಟ್ಟು ಸಿಕ್ಕಿದೆ. ಅದಲ್ಲ ಹೇಳಬೇಕಾದ್ದು. ತಳದ ನಡುವೆ ಹಳ್ಳ ಹರಿಯುತ್ತಿದೆ. ಏರಿ ಕಟ್ಟುವ ಮೊದಲು ಇದ್ದ ಅದೇ ಹಳ್ಳ. ಅದರ ಮೇಲೆ ಅಷ್ಟು ನೀರು ಹೇರಿ, ದೋಣಿ ಓಡಿಸಿ, ಬ್ಯಾಂಡು ಬಾರಿಸಿದ್ದೇವೆ. ನೀರು ಇಳಿದ ಮಾರನೆಯ ದಿನವೇ ಅದು ತನ್ನ ಹಳೆಯ ತಿರುವಿನಲ್ಲೇ, ಒಂದು ಬಂಡೆಯನ್ನು ಎಡಕ್ಕೆ ಬಿಟ್ಟು, ಇನ್ನೊಂದನ್ನು ಬಲಕ್ಕೆ ಬಿಟ್ಟು, ನಿನ್ನೆ ತಾನೇ ನಿಂತಿದ್ದೆ ಎಂಬಂತೆ ಹೊರಟಿದೆ. ನಾನು ಕಂಡೇ ಇರದ ಉದ್ದ ಕಾಲಿನ ಹಕ್ಕಿಗಳು ಬಂದಿಳಿದಿವೆ. ಅವುಗಳಿಗೆ ಹೇಳಿದವರು ಯಾರು? ನಿನ್ನ ದೊಡ್ಡಪ್ಪನೂ ನಾನೂ ದಡದಲ್ಲಿ ಕೂತು ನೋಡುತ್ತೇವೆ. ದೇವರ ಅಡುಗೆಮನೆಗೆ ಹೇಳದೆ ಕೇಳದೆ ಕಾಲಿಟ್ಟ ಹಾಗೆ ಅನಿಸುತ್ತದೆ.

ನಿಮ್ಮ ಆಫೀಸಿನ ಆದೇಶ ಬಂದಿದೆ. ಏರಿಯನ್ನು ಬಿಚ್ಚಿ ಕಟ್ಟುತ್ತಾರಂತೆ, ಕಟ್ಟಲಿ. ಮರ ಕಡಿಯುತ್ತಾರಂತೆ. ಅದರ ಕೆಳಗೆ ನಿನ್ನ ಸಹಿ ಇದೆ. ಒರತೆ ಸೋರಿಕೆಯೆಂದೆ, ಒಪ್ಪಿದೆ. ಮರ ಏನು ಮಾಡಿತು? ಅದು ಮೇಲಿದೆ, ಸೋರಿದ್ದು ಕೆಳಗೆ. ಕೊಡಲಿ ಹಿಡಿದು ಬರುವವನು ಮೊದಲು ನನ್ನನ್ನು ದಾಟಲಿ.

ದೊಡ್ಡಮ್ಮ


ಮೇ ೧೭

ದೊಡ್ಡಮ್ಮಾ,

ಬರುತ್ತಿದ್ದೇನೆ. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತೀಯೆಂದು ಗೊತ್ತು. ಎರಡು ಕುರ್ಚಿ ಹಾಕು.

ಗುಬ್ಬಿ


ಜೂನ್ ೧೪

ಗುಬ್ಬೀ,

ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಎರಡನೆಯ ಕುರ್ಚಿಯನ್ನು ಒಳಗಿಟ್ಟಿಲ್ಲ.

ನಾವಿಬ್ಬರೂ ಆ ಕುರ್ಚಿಗಳಲ್ಲಿ ಒಂದು ಬೆಳಗ್ಗೆಯೆಲ್ಲ ಪಕ್ಕಪಕ್ಕ ಕೂತು ಆಡಿದ ಮಾತು ಒಂದು ಅಂಚೆಚೀಟಿಯ ಮೇಲೆ ಹಿಡಿಸುತ್ತದೆ. ಗರಗಸದವರು ಬೀಡಿ ಸೇದಿ, ಟೀ ಕುಡಿದು, ಮತ್ತೆ ಬೀಡಿ ಸೇದಿದರು. ಕೊನೆಗೆ ನೀನು ಹೇಳಿದೆ: "ಮರದ ಮೇಲೆ ಕೈ ಹಾಕೋದು ಬೇಡ. ಮೊದಲು ಬುಡದಿಂದ ಅಗೆಯೋಣ. ಬೇರು ಏರಿ ಒಳಗೆ ಬಂದಿಲ್ಲ ಅಂದ್ರೆ ಮರ ಉಳಿಸಿ ಅಂತ ನಾನೇ ಬರೀತೀನಿ." ನಾನು ಒಪ್ಪಿದೆ. ನನ್ನ ಮರ ಗೆಲ್ಲುತ್ತದೆಂದೇ ಒಪ್ಪಿದ್ದು. ಅದು ಕೆರೆಯ ಪಕ್ಕದಲ್ಲೇ ಇದೆ, ತಟ್ಟೆ ಮುಂದಿರುವಾಗ ಊಟಕ್ಕೆ ಊರು ಸುತ್ತುವವರುಂಟೇ?

ಅಗೆದದ್ದನ್ನು ನೀನೂ ನೋಡಿದ್ದೀಯ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಒರತೆಯ ಕಲ್ಲುಗಳನ್ನು ಎತ್ತಿದಾಗ ಮೊದಲು ಕಂಡದ್ದು ಕೂದಲು. ಕೆಂಪಗೆ, ನಯವಾಗಿ, ತಲೆಗೆ ಎಣ್ಣೆ ಹಚ್ಚಿ ಬಿಟ್ಟ ಹಾಗೆ ನೀರಿನಲ್ಲಿ ಅಲೆಯುತ್ತಿತ್ತು. ಅದರ ಹಿಂದೆ ಹುರಿಯಂಥ ಬೇರು. ಅದರ ಹಿಂದೆ ಮಣಿಕಟ್ಟಿನಷ್ಟು. ಯಂತ್ರ ನಿಲ್ಲಿಸಿ ಸಲಿಕೆಯಲ್ಲಿ ಬಿಡಿಸಿದರು. ಬೇರು ಏರಿಯ ಹೊಟ್ಟೆಯೊಳಗೆ ಹೊಕ್ಕು ಮೇಲೇರುತ್ತಲೇ ಹೋಯಿತು. ಗಟ್ಟಿ ಜೇಡಿ ಸಿಕ್ಕಲ್ಲಿ ಬಾಗಿ, ಕಲ್ಲು ಸಿಕ್ಕಲ್ಲಿ ಎರಡಾಗಿ ಬಳಸಿ ಮತ್ತೆ ಒಂದಾಗಿ, ಕತ್ತಲೆಯಲ್ಲಿ, ಕೈಹಿಡಿದು ಕರೆದೊಯ್ಯುವವರಿಲ್ಲದೆ, ಕೆರೆಯ ಬದಿಯಿಂದ ಈಚೆಯ ಬದಿಯ ತನಕ ಅಷ್ಟು ಅಗಲದ ಏರಿಯನ್ನು ದಾಟಿ ಬಂದಿತ್ತು. ಅದರ ಜೊತೆಯಲ್ಲೇ ಬಂದ ಇನ್ನೊಂದು ಬೇರು ಸತ್ತು ಟೊಳ್ಳಾಗಿತ್ತು. ಆ ಟೊಳ್ಳಿನಲ್ಲಿ ನೀನು ಮೊಣಕೈವರೆಗೆ ಕೈ ಹಾಕಿದೆ. ನೀರು ನಡೆದ ದಾರಿ ಅದೇ. ಒಳಗೋಡೆ ನುಣ್ಣಗಿತ್ತು, ಯಾರೋ ಕೂತು ಉಜ್ಜಿದ ಹಾಗೆ.

ಮೇಲಕ್ಕೆ ಹೋಗಿ ನೋಡಿದರೆ ಎಲ್ಲ ಹೊರಟಿದ್ದು ಆ ಗೂಟದಿಂದ. ಒಂದು ದಿನ ತಡೆದರೆ ಸಾಕೆಂದು ಹೊಡೆದ ಗೂಟ.

ಗರಗಸದವರು ಟೋಪಿ ತೆಗೆದು ನಿಂತರು. ಎಷ್ಟೋ ಏರಿ ಬಿಚ್ಚಿಸಿದವಳು ನೀನು, ಕೆಸರಿನಲ್ಲಿ ಕೂತುಬಿಟ್ಟೆ. "ಇಷ್ಟು ದೂರ ಬಂದಿರತ್ತೆ ಅಂತ ನನಗೂ ಗೊತ್ತಿರ್ಲಿಲ್ಲ ದೊಡ್ಡಮ್ಮ" ಎಂದೆ. ಆ ಮಾತಿಗಾಗಿ ನಿನ್ನ ಹಳೆಯ ನಗುವನ್ನು ಕ್ಷಮಿಸಿದ್ದೇನೆ.

ನೀನು ಎದ್ದು ಗರಗಸದವರಿಗೆ ಏನೂ ಹೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅದಕ್ಕೇ ನಾನೇ ಹೇಳಬೇಕಾಯಿತು. "ಕಡೀರಿ. ಶಿಶುವಿಹಾರ ಬಿಡೋ ಹೊತ್ತಾಯ್ತು, ಮಕ್ಕಳು ಆ ಕಡೆ ಬಂದಾವು, ಬೇಗ ಕಡೀರಿ" ಎಂದೆ. ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲವೆಂದು ನಿನ್ನ ದೊಡ್ಡಪ್ಪ ಆಮೇಲೆ ಹೇಳಿದರು. ಅವರಿಗೇನು ಗೊತ್ತು.

ಒರತೆಯಾಗಿ ನಿನ್ನ ಅಮ್ಮನೇ ಬಂದಳೆಂದು ಇಷ್ಟು ವರ್ಷ ನಂಬಿದ್ದೆ. ಅವಳು ನಮ್ಮ ಕಡೆಗೆ ಬಂದದ್ದೇ ನಿಜ, ಗುಬ್ಬಿ. ಬಂದ ದಾರಿ ಮಾತ್ರ ಊರನ್ನೇ ಕೊಚ್ಚಿಕೊಂಡು ಹೋಗುವಂಥದ್ದು. ಅವಳ ಕೆಲಸವೆಲ್ಲ ಹಾಗೆಯೇ ಇತ್ತು.

ಸ್ವೆಟರಿನ ತೋಳು ಗಿಡ್ಡವಾಯಿತೆಂದೆಯಲ್ಲ, ಸೊಕ್ಕು. ಮುಂದಿನ ಸಲ ಬರುವಾಗ ತಾ, ಬಿಚ್ಚಿ ಹೆಣೆಯುತ್ತೇನೆ.

ನಿನ್ನ
ದೊಡ್ಡಮ್ಮ


ಅಕ್ಟೋಬರ್ ೨೬

ಗುಬ್ಬೀ,

ಕೆರೆ ತುಂಬಿತು. ನಿನ್ನೆ ಕೋಡಿಯ ಅಂಚಿಗೆ ನೀರು ಬಂದು, ಹಾಲು ಉಕ್ಕುವ ಮೊದಲು ಒಂದು ಕ್ಷಣ ನಿಲ್ಲುತ್ತದಲ್ಲ, ಹಾಗೆ ನಿಂತು, ಆಮೇಲೆ ಸದ್ದಿಲ್ಲದೆ ಆಚೆಗೆ ಇಳಿಯಿತು. ಜನರೆಲ್ಲ ನೋಡಲು ಬಂದಿದ್ದರು. ಬೇಕರಿಯವಳು ಹೊಸ ಜರಡಿಯ ಬೆಲೆಯನ್ನು ಮತ್ತೊಮ್ಮೆ ನನಗೆ ನೆನಪಿಸಿದಳು.

ಹೊಸ ಏರಿಯ ಮೈಮೇಲೆ ಬರೀ ಹುಲ್ಲು. ದೋಣಿಗಳನ್ನು ಏರಿಯಿಂದ ದೂರ, ಕಬ್ಬಿಣದ ಕಂಬಗಳಿಗೆ ಕಟ್ಟುತ್ತೇವೆ. ಕಬ್ಬಿಣ ಚಿಗುರುವುದಿಲ್ಲವೆಂದು ನಿನ್ನ ದೊಡ್ಡಪ್ಪ ಎಲ್ಲರಿಗೂ ಹೇಳುತ್ತ ತಿರುಗುತ್ತಾರೆ. ನಾನು ಮಾತ್ರ ಮಳೆ ನಿಂತ ಮೇಲೆ ಒಂದು ಸಲ ಹೋಗಿ ನೋಡಿ ಬಂದೆ.

ಒರತೆ ಇದ್ದಲ್ಲಿ ಈಗ ನೀನು ಮಾಡಿಸಿದ ಮರಳಿನ ಕಾಲುವೆ, ಅದರ ತುದಿಯಲ್ಲಿ ಒಂದು ಕೊಳವೆ. ಎರಡು ದಿನದಿಂದ ಅದರಲ್ಲಿ ನೀರು ತೊಟ್ಟಿಕ್ಕುತ್ತಿದೆ. ಏರಿ ಮತ್ತೆ ಬೆವರುತ್ತಿದೆ. ಬಾಟಲಿಯನ್ನು ಕಿಟಕಿಯಲ್ಲಿಟ್ಟಿದ್ದೆ. ಇವತ್ತು ಬೆಳಿಗ್ಗೆ ನೋಡಿದೆ, ತಿಳಿ. ತಳದಲ್ಲಿ ಏನೂ ಇಲ್ಲ. ಕೆರೆ ತಲೆಕೆಳಗಾಗಿ ಕಾಣುತ್ತಿದೆ, ಏರಿ ದಾರದಷ್ಟೇ ತೆಳುವಾಗಿ ನಡುವೆ ನಿಂತಿದೆ.

ಇದನ್ನು ಇನ್ನು ಯಾರಿಗೂ ಕುಡಿಯಲು ಕೊಡುವುದಿಲ್ಲ, ಒರತೆಯೆಂದೂ ಕರೆಯುವುದಿಲ್ಲ. ಅದು ಸೋರಿಕೆ, ನೀನು ಹೇಳಿದ್ದೇ ಸರಿ.

ಮೊದಲ ಬೊಗಸೆ ನಾನು ಕುಡಿದೆ.

ನಿನ್ನ
ದೊಡ್ಡಮ್ಮ